ಖುರ್ಷೀದಕ್ಕ ಕೇಳಿದ ‘ಚರ್’

ಹರಿಹರದ ನಮ್ಮ ಕಾರ್ಖಾನೆಯಲ್ಲಿ ಎರಕದ ಸಾಮಾನಿನ ಜಾತಕ ಹೇಳುವವರು ಖುರ್ಷೀದಕ್ಕ. ದಾವಣಗೆರೆಯ ಬಳೆ ಅಂಗಡಿಯಲ್ಲಿ ಬೆಳೆದವರು. ಡಜನ್ ಬಳೆ ಅಲ್ಲಾಡಿಸಿ, ಬಿರುಕು ಬಿಟ್ಟದ್ದನ್ನು ಸದ್ದಿನಲ್ಲೇ ಹೆಕ್ಕುತ್ತಿದ್ದರಂತೆ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಬಸ್ಸಿಗೆ ಬಂದು, ಸಣ್ಣ ಸುತ್ತಿಗೆಯಿಂದ ಕಬ್ಬಿಣ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಾರೆ. ಅವರು ತಲೆ ಅಲ್ಲಾಡಿಸಿದರೆ ಸಾಮಾನು ಮರಳಿ ಕುಲುಮೆಗೆ.

ಇದನ್ನು ವೈಜ್ಞಾನಿಕ ಮಾಡಲು ಕಳೆದ ವಾರ ಸದ್ದು ಅಳೆಯುವ ಯಂತ್ರ ತರಿಸಿದ ಮಹಾನುಭಾವ ನಾನು. ಅಂದಿನಿಂದ ಸಾಮಾನು ಅಕ್ಕನ ಕೈಗೆ ಹೋಗದೆ ಯಂತ್ರದಲ್ಲೇ ಪಾಸಾಗುತ್ತಿತ್ತು. ತರಬೇತಿಗೂ ಹೋಗಿದ್ದೆ. ಊಟದ ನಂತರದ ಪಾಠಗಳ ವಿಷಯ ಮಾತ್ರ ಕೇಳಬೇಡಿ.

ಮೊನ್ನೆ ತಗಡು ಒತ್ತುವ ದೊಡ್ಡ ಪ್ರೆಸ್ಸಿಗೆ ಹೊಸ ಫ್ಲೈವೀಲು, ಅಂದರೆ ಎರಕದ ಭಾರಿ ಚಕ್ರ, ಕೂರಿಸಬೇಕಿತ್ತು. ಎರಡು ಗಂಟೆಗೆ ಓಡಲೇಬೇಕೆಂದು ಮ್ಯಾನೇಜರ್ ಮಹಾಂತೇಶ್ ಅವರ ಅಪ್ಪಣೆ. ಪ್ರೆಸ್ ಓಡಿಸುವ ಸೂರಪ್ಪ ನಿಲ್ಲುವುದು ಆ ಚಕ್ರದಿಂದ ಒಂದು ಮಾರು ದೂರ. ಓಡುವಾಗ ಅದು ಸೀಳಿದರೆ ಸೂರಪ್ಪ ಉಳಿಯುವುದಿಲ್ಲ.

ಯಂತ್ರ ಪಾಸ್ ಎಂದಿತು. ನಾನು ಸಹಿ ಹಾಕಿದೆ. ಕ್ರೇನಿನ ಸರಪಳಿ ಬಿಗಿಯಿತು. ಆಗ ಖುರ್ಷೀದಕ್ಕ ಒಮ್ಮೆ ತಟ್ಟಿದರು.

“ಎತ್ತಬ್ಯಾಡ್ರಿ. ಇದರಾಗೆ ಬಿರುಕೈತೆ.”

“ಅಕ್ಕಾ, ಮಿಷನ್ನೇ ಪಾಸ್ ಅಂದೈತೆ. ನಿಮ್ಮ ಕಿವಿಗೂ ವಯಸ್ಸಾತು ಬಿಡ್ರಿ,” ಎಂದರು ಮಹಾಂತೇಶ್.

“ಆಗ್ಲೇಳ್ರಿ. ಟಣ್ ಶುರುವಾಗ್ತಿದ್ದಂಗೆ ಚರ್ ಅಂತೈತೆ. ಆ ಚರ್ ನಿಮ್ಮ ಮಿಷನ್ನಿಗೆ ಕೇಳ್ತೋ ಇಲ್ವೋ, ಸಾಹೇಬ್ರು ಹೇಳ್ಲಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಗಂಟೆ ಒಂದೂ ಮುಕ್ಕಾಲು.

ಸೆಟ್ಟಿಂಗ್ ತೆರೆದೆ. ಯಂತ್ರ ಯಾವ ಗಳಿಗೆಯಿಂದ ಕೇಳಬೇಕೆಂದು ಹೇಳುವುದು ಟ್ರಿಗರ್. ಸುತ್ತಿಗೆಯ ಗದ್ದಲ ಬೇಡವೆಂದು ನಾನದನ್ನು ತುಸು ತಡವಾಗಿ ಇಟ್ಟಿದ್ದೆ. ಸಾಲದ್ದಕ್ಕೆ ವಿಂಡೋ: ಹಿಡಿದ ಸದ್ದಿನ ಎರಡೂ ತುದಿಗಳನ್ನು ಸೊನ್ನೆಗಿಳಿಸಿ ನಡುವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಉಪಾಯ. ಸದಾ ಗುಂಯ್‌ಗುಡುವ ಮೋಟರಿಗೆ ಅದು ಸರಿ. ಸುತ್ತಿಗೆಯ ಏಟಿಗೆ ಜೀವವೆಲ್ಲ ಆರಂಭದಲ್ಲೇ. ಮುಹೂರ್ತ ಮುಗಿದ ಮೇಲೆ ಮದುವೆಗೆ ಹೋಗಿ, ಊಟ ಉಂಡು, ಗಂಡು ಒಳ್ಳೆಯವನೆಂದು ಸರ್ಟಿಫಿಕೇಟ್ ಕೊಟ್ಟಂತಾಗಿತ್ತು ನನ್ನ ಪರೀಕ್ಷೆ.

ಏಟಿಗೂ ಕೊಂಚ ಮುಂಚಿನಿಂದಲೇ ಸದ್ದು ಹಿಡಿಯುವಂತೆ ಟ್ರಿಗರ್ ಬದಲಿಸಿದೆ. ಮೊದಲಿಂದ ಸದ್ದು ಆರುವ ತನಕ ಎಲ್ಲವನ್ನೂ ಸಮನಾಗಿ ನೋಡುವ ವಿಂಡೋ ಹಾಕಿದೆ. ಅವಸರದಲ್ಲಿ ಎರಡು ಸಲ ತಪ್ಪು ಗುಂಡಿ ಒತ್ತಿದೆ.

“ಹೊಡೀರಿ ಅಕ್ಕ.”

ಪರದೆಯಲ್ಲಿ ಒಂದೇ ಶಿಖರವಿದ್ದ ಕಡೆ ಎರಡು ಎದ್ದವು. ಬಿರುಕಿದ್ದರೆ ಸದ್ದು ಹೀಗೆ ಎರಡಾಗಿ ಒಡೆಯುತ್ತದೆ.

“ಇನ್ನೊಮ್ಮೆ,” ಎಂದರು ಮಹಾಂತೇಶ್. ಎರಡು. “ಇನ್ನೊಮ್ಮೆ.” ಎರಡೇ.

ಖುರ್ಷೀದಕ್ಕ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದರು. ಬಿರುಕಿಗಿಳಿದ ಎಣ್ಣೆ ಹೊರಬಂದು, ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ನಿಧಾನವಾಗಿ ಮೂಡಿತು, ಗೇಣುದ್ದ.

ಸೂರಪ್ಪ ಅದನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. “ಸಾಹೇಬ್ರೆ, ನಿಮ್ಮ ಸಹಿ ಮಾತ್ರ ಭಾಳ ಚಂದೈತ್ರಿ,” ಎಂದ.

ಮಹಾಂತೇಶ್ ಕೈ ಎತ್ತಿ ಕ್ರೇನ್ ನಿಲ್ಲಿಸಿದರು. ನಾನು ಪಾಸ್ ಎಂಬುದನ್ನು ಹೊಡೆದುಹಾಕುತ್ತಿದ್ದಾಗ ಖುರ್ಷೀದಕ್ಕ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು:

“ಸರ, ಈ ವಾರ ಆ ಹಳೇ ಸೆಟ್ಟಿಂಗ್ನಾಗೆ ಎಷ್ಟು ಪಾಸ್ ಮಾಡೀರಿ?”

“ಹನ್ನೊಂದು.”

“ಎಲ್ಲಿ ಅವೆ ಅವು?”

“ಏಳು ಗೋದಾಮಿನಾಗೆ. ನಾಲ್ಕು ಆಗ್ಲೇ ಮಿಷನ್ನಿಗೆ ಕೂತು ಓಡ್ತಾ ಅವೆ.”

ಖುರ್ಷೀದಕ್ಕ ಸುತ್ತಿಗೆ ಹಿಡಿದು ಹೊರಟೇಬಿಟ್ಟರು. ನಾನು ಅವರಿಗಿಂತ ಮುಂದೆ, ಆ ನಾಲ್ಕನ್ನೂ ನಿಲ್ಲಿಸಲು ಮೋಟರುಗಳ ಸ್ವಿಚ್ಚಿನ ಕಡೆ ಓಡಿದೆ.