ಮಹಡಿಗೆ ಬಂದ ಎರಡನೇ ರೌಟರ್

ಗೆಳತಿಯರೇ, ಕಡೂರಿನ ನಮ್ಮ ಮನೆಯಲ್ಲಿ ಒಲೆ ಎಂದೂ ಎರಡಾಗಿಲ್ಲ. ಇವತ್ತು ವೈಫೈ ಎರಡಾಯಿತು.

ಮಹಡಿಗೆ ಸಿಗ್ನಲ್ ಸಾಲದೆಂದು ಮಗ ನನ್ನ ಕೋಣೆಯ ಮೋಡೆಮ್‌ನಿಂದ ವೈರ್ ಎಳೆದು ಮೇಲೆ ಹೊಸ ರೌಟರ್ ಕೂರಿಸಿದ. ಹಳೆಯ ವೈಫೈಗೆ ಅವರಪ್ಪನ ಹೆಸರಿತ್ತು. ಹೊಸದಕ್ಕೆ ಸೊಸೆಯ ಹೆಸರು, ಬೇರೆ ಪಾಸ್‌ವರ್ಡ್.

"ಪಾಸ್‌ವರ್ಡ್ ಏನೋ?" ಎಂದೆ.

"ನಿಂಗ್ಯಾಕಮ್ಮಾ? ನಿಂದು ಕೆಳಗೈತಲ್ಲ." ಎಂದ ಮಗ.

ನಾನು ಕೆಳಗಿಳಿದು ಮೋಡೆಮ್‌ನ ಸ್ವಿಚ್ ಆರಿಸಿದೆ.

"ಅಮ್ಮಾ, ನೆಟ್ ಹೋಯ್ತು ಕಣಮ್ಮಾ!" ಮಗ ಓಡಿ ಬಂದ, ಹಿಂದೆಯೇ ಸೊಸೆ.

"ನಿಮ್ದು ಮೇಲೈತಲ್ಲೋ," ಎಂದೆ.

ಮೂರು ಸಲ ಕರೆದರೂ ಊಟಕ್ಕೆ ಇಳಿಯದ ಇಬ್ಬರು, ಒಂದೇ ನಿಮಿಷದಲ್ಲಿ ನನ್ನೆದುರು ನಿಂತಿದ್ದರು. ನಾಳೆಯಿಂದ ಊಟಕ್ಕೆ ಕೂಗುವುದಿಲ್ಲ. ಸ್ವಿಚ್ ಆರಿಸುತ್ತೇನೆ.