ಸುಳಿ ಅಳಿದ ರಾಸು

೧೯೯೮ನೆಯ ಇಸವಿ ನವೆಂಬರ್ ೧೪, ಶನಿವಾರ, ಕಾರ್ತಿಕದ ಕೃಷ್ಣಪಕ್ಷ. ಶರದೃತುವಿನ ಕೊನೆಯಾದ್ದರಿಂದ ಆಕಾಶ ತಿಳಿಯಾಗಿರಬೇಕಿತ್ತು. ಆದರೆ ಬೆಳಗಿನಿಂದಲೇ ಮೋಡ ಕವಿದು ಜಡಿಮಳೆ ಹಿಡಿದಿತ್ತು. ಆ ಮಳೆಯಲ್ಲೇ ಮೈಸೂರಿನ ವಿದ್ಯಾರಣ್ಯಪುರದ ವೃಷಭೇಂದ್ರಪ್ಪನವರು ರೈಲ್ವೆ ನಿಲ್ದಾಣದಿಂದ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಮ್ಮ ಅಂಗಡಿಗೆ ತಂದರು. ಚೆನ್ನೈನಿಂದ ಬಂದ ಸಮುದ್ರದ ಮೀನು ಅದರಲ್ಲಿತ್ತು.

ಅವರದು ಲಿಂಗವಂತರ ಮನೆತನ. ಅಡುಗೆಮನೆಗೆ ಮೀನಿನ ಸೋಂಕಿಲ್ಲ. ಆದರೂ ಜೀವನಕ್ಕೆ ಅವರು ಆರಿಸಿಕೊಂಡದ್ದು ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನುಗಳ ವ್ಯಾಪಾರ. ತಂದೆ ತೆರಕಣಾಂಬಿ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವರು. ಹಲ್ಲು ಹಿಡಿದು ವಯಸ್ಸು ಹೇಳುವುದು, ಮೈಮೇಲಿನ ಸುಳಿ ನೋಡಿ ಗುಣ ಹೇಳುವುದು ಅವರಿಂದ ಮಗನಿಗೆ ಬಂದಿತ್ತು. ಪೆಟ್ಟಿಗೆಯಲ್ಲಿದ್ದ ಮರಿ ಮೀನು ಇಂಗ್ಲಿಷಿನಲ್ಲಿ ‘ರ್ಯಾಸ್’ ಎನ್ನುವ ಕುಲದ್ದು. ವೃಷಭೇಂದ್ರಪ್ಪನವರ ಬಾಯಲ್ಲಿ ಅದು ಎಂದೋ ‘ರಾಸು’ ಆಗಿಹೋಗಿತ್ತು.

“ಹೆಸರಲ್ಲೇ ಬಸವಣ್ಣ, ಮಾರೋದು ರಾಸು! ಉಳೋಕ್ ಬತ್ತದೇನಣ್ಣ?” ಎಂದು ಪಕ್ಕದ ಸೈಕಲ್ ಶಾಪಿನ ಗೋವಿಂದರಾಜು ಕೆಣಕಿದ.

“ಬತ್ತದೆ ಕಣೋ, ನೊಗಕ್ಕೆ ಜೊತೆಯಾಗಿ ನೀನು ಬಂದ್ರೆ.”

ಆ ಸಂಜೆ ಜಯಲಕ್ಷ್ಮಿಪುರಂನಿಂದ ನಿವೃತ್ತ ಬ್ಯಾಂಕ್ ಅಧಿಕಾರಿ ಬಿಂದುಮಾಧವರು ಬಂದರು. ಮೈಸೂರಿಗೆ ಅಪರೂಪವಾದ ‘ರಾಣಿ ಕೋರಿಸ್’ ಎಂಬ ರ್ಯಾಸಿಗಾಗಿ ಅವರು ವರ್ಷದಿಂದ ಕಾಯುತ್ತಿದ್ದರು. ಎಲ್ಲೆಡೆ ಸಿಗುವ ಕೆಂಪು ಕೋರಿಸ್‌ನ ಮರಿಯೂ ನೋಡಲು ಹೀಗೆಯೇ: ಕಿತ್ತಳೆ ಮೈ, ಬಿಳಿ ಪಟ್ಟೆ.

“ಇದೇ ಅಂತ ಏನ್ರೀ ಗ್ಯಾರಂಟಿ?”

“ಕೆಂಪಿಗೆ ಪಟ್ಟೆ ಅರ್ಧಕ್ಕೇ ನಿಂತೋಯ್ತದೆ ಸಾರ್. ಇದಕ್ಕೆ ನೋಡಿ, ನಡುಪಟ್ಟೆ ಹೊಟ್ಟೆಗಂಟ ಇಳ್ದದೆ. ಬೆನ್ನಿನ ರೆಕ್ಕೇಲಿ ಕರೀ ಬೊಟ್ಟು. ರಾಸಿಗೆ ಸುಳಿ ಇದ್ದಂಗೆ ಸಾರ್, ಸಾಯೋಗಂಟ ಅಳಿಯಲ್ಲ.”

ಬಿಂದುಮಾಧವರು ಮೀನನ್ನು ಕೊಂಡು ಒಯ್ದರು. ಗುರುತು ಹಿಡಿದದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಆ ಕೊನೆಯ ಮಾತು.

ಡಿಸೆಂಬರ್ ೬ರಂದು ಬಿಂದುಮಾಧವರು ಪತ್ನಿ ಸುಮಿತ್ರಮ್ಮನವರೊಡನೆ ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟರು. ಹೊರಡುವ ಮೊದಲು, ತಾವು ಬರುವವರೆಗೆ ನೋಡಿಕೊಳ್ಳಲೆಂದು ಮೀನನ್ನು ಅಂಗಡಿಯಲ್ಲಿ ಒಪ್ಪಿಸಿದರು. ದೀಪ ಆರಿದೊಡನೆ ಮರಳಿನಲ್ಲಿ ಹುದುಗಿ ಮಲಗುವ ಜಾತಿಯಾದ್ದರಿಂದ ವೃಷಭೇಂದ್ರಪ್ಪನವರು ಅದಕ್ಕೊಂದು ಬೇರೆ ತೊಟ್ಟಿ ಮಾಡಿ, ನಯವಾದ ಮರಳು ಹಾಸಿದರು. ಕೊಟ್ಟಿಗೆಯಲ್ಲಿ ದಿನವೂ ಕಾಣುವ ಕರು ಬೆಳೆದದ್ದು ಕಣ್ಣಿಗೆ ಬೀಳದು; ಮೀನಿನದೂ ಹಾಗೆಯೇ ಆಯಿತು. ಬಣ್ಣ ಮಾಸುತ್ತಿದೆ ಎನಿಸಿದಾಗಲೆಲ್ಲ ಅವರು ನೀರನ್ನು ದೂರಿ, ನೀರು ಬದಲಿಸಿದರು.

೧೯೯೯ರ ಮೇ ೧೬, ಭಾನುವಾರ, ಪುಣೆಯಿಂದ ಮರಳಿದ ಬಿಂದುಮಾಧವರು ಅಂಗಡಿಗೆ ಬಂದು ತೊಟ್ಟಿಯ ಮುಂದೆ ನಿಂತರು. ಒಳಗಿದ್ದದ್ದು ನೇರಳೆಗಪ್ಪು ಮೈಯ, ಚುಕ್ಕೆ ಚುಕ್ಕೆಯ ಮೀನು; ಪಟ್ಟೆಯಿಲ್ಲ, ಬೊಟ್ಟೂ ಇಲ್ಲ.

“ಇದು ನಂದಲ್ಲ.”

“ಅದೇ ಸಾರ್. ಬಣ್ಣ ತಿರುಗ್ಬುಟ್ಟಿದೆ.”

“ಸುಳಿ ಸಾಯೋವರೆಗೂ ಅಳಿಯಲ್ಲ ಅಂದೋರು ಯಾರ್ರೀ? ನೀವೇ ತಾನೆ? ನನ್ನದನ್ನ ಇನ್ಯಾರಿಗೋ ದಾಟಿಸಿ ಇದನ್ನ ತಂದಿಟ್ಟಿದೀರಿ.”

ಬಿಂದುಮಾಧವರು ಮೀನನ್ನು ಅಲ್ಲೇ ಬಿಟ್ಟು ಹೊರಟುಹೋದರು. ವೃಷಭೇಂದ್ರಪ್ಪನವರ ಮಾತೇ ಅವರ ಮೇಲೆ ಸಾಕ್ಷಿ ಹೇಳುತ್ತಿತ್ತು. ಊರಲ್ಲಿ ಸಮುದ್ರದ ಮೀನು ಸಾಕುವವರು ಬೆರಳೆಣಿಕೆಯವರು. ಮಾತು ಅವರೊಳಗೆಲ್ಲ ಹರಡಿತು. ನಂಬಿ ಮೀನು ಬಿಟ್ಟುಹೋಗುತ್ತಿದ್ದವರು ಅಂಗಡಿಯತ್ತ ಸುಳಿಯದಾದರು.

“ತಪ್ಪಾಯ್ತು ಅಂದ್ಬುಡಿ, ಕಳೀಲಿ,” ಎಂದರು ಪತ್ನಿ ಮಹದೇವಮ್ಮ.

“ತಪ್ಪಾಯ್ತು ಅಂದ್ರೆ ಕದ್ದೆ ಅಂದಂಗೆ ಕಣೆ.”

“ಆಡಿದ ಮಾತು ತಪ್ಪಾಯ್ತು ಅನ್ನಿ. ಮೀನು ಕದ್ದೆ ಅನ್ನಿ ಅಂತ ನಾನೆಲ್ಲಿ ಅಂದೆ?”

ಆ ಮಾತು ಅವರನ್ನು ಬಿಡದೆ ಕೊರೆಯಿತು. ಈ ಮೀನು ನಿಜವಾಗಿಯೂ ತಿರುಗಿದ್ದರೆ, ಇನ್ನೊಂದು ಮರಿಯೂ ತಿರುಗಲೇಬೇಕಲ್ಲವೆ? ಜೂನ್ ೫ರಂದು ಅದೇ ಗುರುತಿನ ಮರಿಯೊಂದನ್ನು ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಜಯಲಕ್ಷ್ಮಿಪುರಂನ ಮನೆಯ ಗೇಟಿನ ಹೊರಗೆ ನಿಂತರು.

“ಸುಳಿ ಅಳಿಯಲ್ಲ ಅಂದದ್ದು ನನ್ನ ತಪ್ಪು ಸಾರ್. ಆದ್ರೆ ಮೀನು ಬದಲಾಯಿಸಿಲ್ಲ. ಇದು ನಿಮ್ಮನೇಲಿ, ನಿಮ್ಮ ಕಣ್ಮುಂದೇನೇ ಬೆಳೀಲಿ. ಅಲ್ಲೀಗಂಟ ನಾನು ನಿಮ್ಮ ಹೊಸಿಲು ತುಳಿಯಲ್ಲ. ಇದೂ ತಿರುಗಿದ್ರೆ ನನ್ನ ನಂಬಿ. ತಿರುಗದಿದ್ರೆ ಕಳ್ಳ ಅನ್ನಿ, ಅನ್ನಿಸ್ಕೋತೀನಿ.”

ಬಿಂದುಮಾಧವರು ಬಾಗಿಲಲ್ಲೇ ನಿಂತರು. ಸುಮಿತ್ರಮ್ಮನವರು ಬಂದು ಚೀಲ ತೆಗೆದುಕೊಂಡರು. ಹಾಗೆಂದು ಪಣ ತೊಟ್ಟರೂ ಇಂಥ ಮರಿ ಬಣ್ಣ ತಿರುಗುವುದನ್ನು ವೃಷಭೇಂದ್ರಪ್ಪನವರು ಬೇರೆಲ್ಲೂ ಕಂಡವರಲ್ಲ, ಕೇಳಿದವರೂ ಅಲ್ಲ.

ಮಳೆಗಾಲ ಕಳೆಯಿತು, ದಸರೆಯೂ ಮುಗಿಯಿತು. ಮರಿ ಏನಾಯಿತೆಂದು ಕೇಳುವ ಧೈರ್ಯ ಅವರಿಗಾಗಲಿಲ್ಲ. ನವೆಂಬರ್ ೨೧, ಭಾನುವಾರ, ಅಂಗಡಿಯ ಫೋನು ಹೊಡೆದುಕೊಂಡಿತು.

“ವೃಷಭೇಂದ್ರಪ್ಪನೋರೆ? ನಾನು ಸುಮಿತ್ರಮ್ಮ. ನಮ್ಮನೆ ರಾಸಿಗೂ ಸುಳಿ ಹೋಗ್ತಾ ಇದೆ ಕಣ್ರೀ! ನಮ್ಮೆಜಮಾನ್ರು ತೊಟ್ಟಿ ಮುಂದೆ ಕುರ್ಚಿ ಹಾಕ್ಕೊಂಡು ಕೂತೋರು ಊಟಕ್ಕೂ ಏಳ್ತಿಲ್ಲ.”

“ಅವರಿಗೆ ಕೊಡಿ ತಾಯಿ.”

ಬಿಂದುಮಾಧವರು ಫೋನು ತೆಗೆದುಕೊಂಡರು. “ಬಾಲದ ಕಡೆಯಿಂದ ಶುರುವಾಗಿದೆ ರೀ.”

“ಬಾಲದಿಂದ್ಲಾ ಸಾರ್? ಅಯ್ಯೋ, ನಾನು ನೀರು ಬದಲಾಯಿಸೋದ್ರಲ್ಲೇ ಇದ್ದೆ, ನೋಡ್ಲೇ ಇಲ್ಲ.”

“ಹಾಗಾದ್ರೆ ಬಂದು ನೋಡಿ. ಗೇಟಿನ ಹತ್ರ ನಿಂತ್ಕೋಬೇಡಿ, ಒಳಗೆ ಬನ್ನಿ. ನಾನು ಆಡಬಾರದ್ದು ಆಡಿಬಿಟ್ಟೆ.”

ಅದೇ ಸಂಜೆ ವೃಷಭೇಂದ್ರಪ್ಪನವರು ಹೋಗಿ ನೋಡಿ ಬಂದರು. ಮರುವಾರ ಬಿಂದುಮಾಧವರು ಅಂಗಡಿಗೆ ಬಂದು ಮೊದಲ ಮೀನನ್ನು ಮನೆಗೆ ಒಯ್ದರು. ಎರಡೂ ಕಾದಾಡಿದ್ದರಿಂದ ಬೇರೆ ಬೇರೆ ತೊಟ್ಟಿಗಳಲ್ಲಿಡಬೇಕಾಯಿತು. ಮೊದಲನೆಯದು ೨೦೦೨ರ ಮಾರ್ಚ್‌ನಲ್ಲಿಯೂ ಎರಡನೆಯದು ೨೦೦೪ರ ಆಗಸ್ಟ್‌ನಲ್ಲಿಯೂ ಸತ್ತವು. ಬಿಂದುಮಾಧವರು ೨೦೦೫ರಲ್ಲಿ ತೀರಿಕೊಂಡರು. ವೃಷಭೇಂದ್ರಪ್ಪನವರು ೨೦೦೬ರ ಫೆಬ್ರವರಿಯಲ್ಲಿ ಅಂಗಡಿಯನ್ನು ಶ್ರೀರಾಂಪುರಕ್ಕೆ ಸ್ಥಳಾಂತರಿಸಿದರು. ೨೦೦೮ರಿಂದ ಸಮುದ್ರದ ಮೀನು ತರಿಸುವುದನ್ನು ನಿಲ್ಲಿಸಿ, ಸಿಹಿನೀರಿನ ಮೀನುಗಳನ್ನು ಮಾತ್ರ ಮಾರಿದರು.