ಚಂದ್ರನಲ್ಲಿ ಬಿಟ್ಟು ಬಂದ ನಾಲ್ಕನೆಯವನು

ಬೀಗರ ಊಟದ ಎಲೆ ಮುಂದೆ ಕೂತವನ ತುತ್ತಿಗೆ ಅಡ್ಡ ಬರುವ ಧೈರ್ಯ ನಮ್ಮ ಮಂಡ್ಯ ಸೀಮೆಯಲ್ಲಿ ಯಾರಿಗೂ ಇಲ್ಲ. ಕಳೆದ ಭಾನುವಾರ ಕೊಪ್ಪದಲ್ಲಿ ಒಬ್ಬರಿಗೆ ಇತ್ತು.

ಗೆಳೆಯ ಪುಟ್ಟರಾಜನ ಮಗಳ ಮದುವೆಯ ಬೀಗರ ಊಟ. ಮುದ್ದೆ ಮುರಿದು ಮಟನ್ ಸಾರಿಗೆ ಅದ್ದಿದ್ದೆ, ಅಷ್ಟೇ. ಅವನ ತಾಯಿ ನಿಂಗಮ್ಮ ಎದುರಿಗೆ ಬಂದು ನಿಂತರು.

"ಏನ್ಲಾ, ಅವ್ನು ಮನೆ ಸೇರ್ಕಂಡ್ನಾ?"

"ಯಾರಮ್ಮಾ?"

"ಅದೇ ಕಣ್ಲಾ, ಚಂದ್ರನ್ ಮ್ಯಾಲೆ ಬುಟ್ಬಂದ್ರಲ್ಲಾ, ಅವ್ನು!"

ಮುದ್ದೆ ಕೈಯಲ್ಲೇ ಉಳಿಯಿತು.

ನನಗೊಂದು ಚಟವಿದೆ (ಉಳಿದ ಚಟಗಳು ನಿಮಗೆ ಗೊತ್ತೇ ಇವೆ). ಬೆಳಿಗ್ಗೆ ಕಾಫಿ ಜೊತೆ ಇಂಟರ್‌ನೆಟ್ ಜಾಲಾಡುತ್ತೇನೆ. ಶನಿಗ್ರಹದ ಬಳೆಯ ಮೇಲೆ ಬಟ್ಟೆ ಒಣಹಾಕಿದ ಕಾರ್ಟೂನು, ಹಲ್ಲುನೋವಿನಿಂದ ಬೆಂಕಿ ಉಗುಳಲಾಗದೆ ಕೂತ ಡ್ರ್ಯಾಗನ್, ಇಂಥದ್ದು ಸಿಕ್ಕಿದರೆ ಹೈಸ್ಕೂಲು ಗೆಳೆಯರ ಗ್ರೂಪಿಗೆ ಹಾಕದೆ ಕಾಫಿ ಇಳಿಯುವುದಿಲ್ಲ.

ಗ್ರೂಪಿನಲ್ಲಿ ಹನ್ನೊಂದು ಜನ. ಒಬ್ಬ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕುತ್ತಾನೆ. ಇನ್ನೊಬ್ಬನದು ಯಾವಾಗಲೂ ಸೈಟು ಮಾರಾಟಕ್ಕಿದೆ. ನನ್ನ ಡ್ರ್ಯಾಗನ್‌ಗೆ ಹೆಬ್ಬೆಟ್ಟು ಒತ್ತುವವನು ಪುಟ್ಟರಾಜ ಒಬ್ಬನೇ. ಪ್ರತಿದಿನ ಆರೂ ಕಾಲಿಗೆ, ತಪ್ಪದೆ. ಡೈರಿಗೆ ಹಾಲು ಹಾಕುವ ಹೊತ್ತಿನಲ್ಲೂ ಬಾಹ್ಯಾಕಾಶದ ಕಡೆ ಗಮನ ಇಟ್ಟಿರುವ ರಸಿಕ ಎಂದು ಹೆಂಡತಿಯ ಹತ್ತಿರ ಹೊಗಳಿಯೂ ಇದ್ದೆ.

ಎರಡು ತಿಂಗಳ ಹಿಂದೆ ಮಾತೇ ಇಲ್ಲದ ಒಂದು ಕಾಮಿಕ್ಸ್ ಸಿಕ್ಕಿತು. ಬರೀ ಚಿತ್ರ, ದಿನಕ್ಕೊಂದು ಕಂತು. ನಾಲ್ಕು ಜನ ಚಂದ್ರನಿಗೆ ಹೋಗುತ್ತಾರೆ. ನಾಲ್ಕನೆಯವನು ಬಂಡೆ ಹಿಂದೆ ಹೋಗಿದ್ದಾಗ (ಯಾಕೆ ಅಂತ ಬಿಡಿಸಿ ಹೇಳಬೇಕೇ?) ರಾಕೆಟ್ ಹೊರಟೇ ಹೋಗುತ್ತದೆ. ಪಾಪ, ಅಲ್ಲಿ ಅವನಿಗೆ ಜೊತೆ ಅಂತ ಇರುವುದು ಒಂದು ಡ್ರ್ಯಾಗನ್ ಮಾತ್ರ. ಬಂದ ಕಂತನ್ನೆಲ್ಲ ಗ್ರೂಪಿಗೆ ಹಾಕುತ್ತಾ ಹೋದೆ.

ಒಂದು ದಿನ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಪುಟ್ಟರಾಜ ಸಿಕ್ಕ. ಟೀ ಕುಡಿಯುತ್ತಾ, "ಆ ನಾಲ್ಕನೆಯವನ ಕಥೆ ಹೇಗನ್ನಿಸ್ತು?" ಅಂದೆ.

"ಯಾವ್ ನಾಕ್ನೆಯವ್ನು? ನಿನ್ ಗೊಂಬೆಗಳ್ನೆಲ್ಲಾ ನೋಡ್ತಾ ಕುಂತ್ರೆ ಹಸಾ ನೋಡೋರ್ಯಾರು, ಬುಡ್ಲಾ."

ಹಾಗಾದರೆ ಆ ಹೆಬ್ಬೆಟ್ಟು? ಕೇಳಲಿಲ್ಲ. ನಿಜವಾಗಿಯೂ ಬೇಜಾರಾಗಿತ್ತು. ಮುನಿಸಿಕೊಂಡು ಹಾಕುವುದನ್ನೇ ನಿಲ್ಲಿಸಿದೆ. ಮೂರು ವಾರ. ಹತ್ತು ಜನರಲ್ಲಿ ಒಬ್ಬನಾದರೂ ಯಾಕೆ ಸುಮ್ಮನಾದೆ ಅಂದನಾ? ಗುಲಾಬಿ ಹೂವು ಬರುತ್ತಲೇ ಇತ್ತು.

ಈಗ, ಊಟದ ಎಲೆ ಮುಂದೆ, ನಿಂಗಮ್ಮನ ಬಾಯಿಂದಲೇ ಗೊತ್ತಾಯಿತು. ಡೈರಿಗೆ ಹೋಗುವಾಗ ಪುಟ್ಟರಾಜ ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಹೋಗುತ್ತಾನೆ. ಎಲ್ಲಿ ಒತ್ತಬೇಕು ಎಂದು ಮೊಮ್ಮಗಳು ಅಜ್ಜಿಗೆ ಹೇಳಿಕೊಟ್ಟಿದ್ದಾಳೆ. ನಿಂಗಮ್ಮನಿಗೆ ಓದು ಬಾರದು. ಮಾತಿಲ್ಲದ ಕಾಮಿಕ್ಸಿಗೆ ಓದು ಯಾಕೆ ಬೇಕು?

"ಅಲ್ಲಿಗ್ ನಾಕ್ ಜನ ಓದ್ರು, ವಾಪಸ್ ಮೂರ್ ಜನ ಬಂದ್ರು. ತಲೆ ಎಣಿಸ್ಬಾರ್ದಾ?" ನಿಂಗಮ್ಮ ಬಿಡಲಿಲ್ಲ. "ನಾವು ಬೆಟ್ಟಕ್ ಓದ್ರೆ ಟೆಂಪೋ ಒಲ್ಡೋಕ್ ಮುಂಚೆ ಎಲ್ರ ತಲೇನೂ ಎಣಿಸ್ತೀವಿ. ಅಷ್ಟೊಂದ್ ಓದಿರೋರ್ಗೆ ಇಷ್ಟೂ ಗೊತ್ತಾಗಾಕಿಲ್ವಾ? ಅವ್ನ್ ಅವ್ವ ಎಲ್ ಕಾಯ್ಕಂಡ್ ಕುಂತವ್ಳೋ!"

ಬಾಹ್ಯಾಕಾಶ ವಿಜ್ಞಾನದ ಪರವಾಗಿ ನಾನೇ ತಪ್ಪೊಪ್ಪಿಕೊಂಡೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ನಾನು ಮುನಿಸಿಕೊಂಡ ವಾರವೇ ಆ ಕಾಮಿಕ್ಸ್ ಬರೆಯುತ್ತಿದ್ದವನೂ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದ. (ಅವನ ಗ್ರೂಪಿನಲ್ಲೂ ಬರೀ ಗುಲಾಬಿ ಹೂವೇ ಇರಬೇಕು.) ಇದನ್ನು ಹೇಗೆ ಹೇಳುವುದು? ಅಜ್ಜಿಯ ಮುಖ ನೋಡಿದೆ. ಆಗಲಿಲ್ಲ.

"ಬಂದ ಕಣಮ್ಮ, ಮನೆ ಸೇರ್ಕೊಂಡ."

"ಯಾವುದ್ರಲ್ ಬಂದ?"

"ಆ ಡ್ರ್ಯಾಗನ್ ಮೇಲೆ ಕೂತ್ಕೊಂಡು."

"ಮತ್ತೆ ಪೋಟೋ ಯಾಕ್ ಆಕ್ನಿಲ್ಲ?"

ಪಂಕ್ತಿಯಲ್ಲಿದ್ದವರೆಲ್ಲ ಮೂಳೆ ಚೀಪುವುದು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. "ನಾಳೆ ಹಾಕ್ತೀನಿ" ಅಂದೆ.

ಸಂಜೆ ಮಂಡ್ಯಕ್ಕೆ ಬಂದವನೇ ಅದೇ ಮದುವೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಚಿತ್ರ ಬರೆಯಲು ಕೂತೆ. ಡ್ರಾಯಿಂಗಿನಲ್ಲಿ ನಾನು ತೆಗೆಯುತ್ತಿದ್ದ ಮಾರ್ಕು ಹೇಳುವಂಥದ್ದಲ್ಲ. ಹೆಂಡತಿ ಇಣುಕಿ ನೋಡಿ, "ಎಮ್ಮೆಗೆ ಯಾಕ್ರೀ ರೆಕ್ಕೆ?" ಅಂದಳು. ಅಂತೂ ಡ್ರ್ಯಾಗನ್ ಅಂಗಳಕ್ಕೆ ಇಳಿಯಿತು. ಅದರ ಮೇಲೆ ನಾಲ್ಕನೆಯವನು, ಬಾಗಿಲಲ್ಲಿ ಅವನವ್ವ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಆ ಮೂವರು. ಬೆಳಿಗ್ಗೆ ಆರಕ್ಕೆ ಗ್ರೂಪಿಗೆ ಹಾಕಿದೆ.

ಆರೂ ಕಾಲಾಯಿತು. ಹೆಬ್ಬೆಟ್ಟು ಬರಲಿಲ್ಲ. ಸಿಕ್ಕಿಬಿದ್ದೆನಾ? ಕಾಫಿ ಆರಿತು. ಆರೂವರೆಗೆ ಪುಟ್ಟರಾಜನ ನಂಬರಿನಿಂದ ಒಂದು ವಾಯ್ಸ್ ಮೆಸೇಜು.

"ನಾಕ್ ಜನಾನೂ ಸರ್ಯಾಗವ್ರೆ ಕಣ್ಲಾ, ಎಣಿಸ್ದೆ. ಆದ್ರೆ ಆ ಪ್ರಾಣಿ ಅಷ್ಟ್ ದೂರದಿಂದ ಅವ್ನ್ನ ಬೆನ್ ಮ್ಯಾಲೆ ಒತ್ಕಂಡ್ ಬಂದದೆ, ಒಂದ್ ಬಕೀಟ್ ನೀರ್ ಮಡಗಿಲ್ವಲ್ಲಾ? ಇನ್ಮ್ಯಾಕ್ ದಿನಾ ಆಕು. ಮೂರ್ ವಾರದಿಂದ ನೀನ್ ಯಾಕ್ ಕಾಣೆ ಅಂತ ಪುಟ್ರಾಜುನ್ ಕೇಳಿ ಕೇಳಿ ಸಾಕಾಯ್ತು."

ನೀರಿನ ಬಕೆಟ್ ಬರೆದು ಮತ್ತೆ ಹಾಕಿದ್ದೇನೆ. ಹನ್ನೊಂದು ಜನರ ಗ್ರೂಪಿನಲ್ಲಿ ಒಬ್ಬ ಕಡಿಮೆಯಾಗಿದ್ದಾನೆ ಎಂದು ಗಮನಿಸಿದ್ದು ಗ್ರೂಪಿನಲ್ಲೇ ಇಲ್ಲದ ನಿಂಗಮ್ಮ.

ನಿಮ್ಮ ಗ್ರೂಪಿನಲ್ಲಿ ತಲೆ ಎಣಿಸುವವರು ಯಾರು?